ನೋಡುವ ಕಣ್ಣಿಗೆ ವ್ರತವಿಲ್ಲವೇ?

ಜಿನಸೇನಾಚಾರ್ಯರ ಸಂಸ್ಕೃತ ‘ಆದಿಪುರಾಣ’ದಲ್ಲಿಯೂ, ಕ್ರಿ.ಶ. 941ರಲ್ಲಿ ಪಂಪ ಮಹಾಕವಿ ರಚಿಸಿದ ಕನ್ನಡ ‘ಆದಿಪುರಾಣ’ದಲ್ಲಿಯೂ ಬರುವ ನೀಲಾಂಜನೆಯ ಪ್ರಸಂಗವನ್ನು ಅರಿಯದ ಜೈನ ಮನೆ ವಿರಳ. ವೃಷಭದೇವನ ಸಭೆಯಲ್ಲಿ ಇಂದ್ರನು ದೇವನರ್ತಕಿಯ ನೃತ್ಯವನ್ನು ಏರ್ಪಡಿಸುತ್ತಾನೆ. ನೃತ್ಯದ ನಡುವೆಯೇ ಆಕೆಯ ಆಯುಷ್ಯ ತೀರಿ, ಆಕೆ ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣವೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ಸೃಷ್ಟಿಸಿ ಅದೇ ತಾಳಕ್ಕೆ, ಅದೇ ಹೆಜ್ಜೆಗೆ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ಅದು ತಲೆದೂಗುತ್ತಲೇ ಇರುತ್ತದೆ. ಒಬ್ಬ ವೃಷಭದೇವನಿಗೆ ಮಾತ್ರ ಒಂದು ಜೀವ ಹೋಯಿತೆಂಬುದು ಗೋಚರವಾಗುತ್ತದೆ. ಅಲ್ಲಿಂದಲೇ ಆತನ ವೈರಾಗ್ಯ ಆರಂಭವಾಗುತ್ತದೆ.

ಈ ಕಥೆಯನ್ನು ಸಾಮಾನ್ಯವಾಗಿ ದೇಹದ ಅನಿತ್ಯತೆಗೆ ದೃಷ್ಟಾಂತವೆಂದು ಹೇಳುವುದುಂಟು. ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಪಾಠವಿದೆ. ಅದು ನೋಟವನ್ನು ಕುರಿತದ್ದು. ಸಭಾಸದರು ನೋಡಿದ್ದು ನೀಲಾಂಜನೆಯನ್ನಲ್ಲ. ಅವಳ ಹೆಜ್ಜೆ, ಕಟಾಕ್ಷ, ಕಟಿಯ ಬಳುಕುಗಳನ್ನು. ಅವು ಮುಂದುವರಿದಷ್ಟು ಕಾಲ ಕುಣಿಯುವವಳು ಯಾರಾದರೂ ಅವರಿಗೆ ಚಿಂತೆಯಿರಲಿಲ್ಲ. ಒಬ್ಬಳ ಸ್ಥಾನದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿದರೂ ನೋಡುವವನಿಗೆ ವ್ಯತ್ಯಾಸ ತಿಳಿಯದಿದ್ದರೆ, ಅಲ್ಲಿ ಕಾಣುತ್ತಿರುವುದು ವ್ಯಕ್ತಿಯಲ್ಲ, ಪಡಿಯಚ್ಚು. ಇಂದಿನ ಸಿನಿಮಾ ಹಾಡುಗಳು, ಸಂಗೀತ ವಾಹಿನಿಗಳು, ಯೂಟ್ಯೂಬಿನ ವಿಡಿಯೋ ಗೀತೆಗಳು ಮತ್ತು ರೀಲ್ಸುಗಳು ಇಂದ್ರನ ಇದೇ ಕೈಚಳಕವನ್ನು ದಿನಕ್ಕೆ ಸಾವಿರ ಬಾರಿ ಮಾಡುತ್ತಿವೆ. ಜೈನ ಮನೆಗಳು ಆ ಸಭೆಯಲ್ಲಿ ತಲೆದೂಗುತ್ತ ಕುಳಿತಿವೆ. ಕೆಲವೆಡೆ ಆ ನೃತ್ಯದ ಖರ್ಚನ್ನೂ ಜೈನ ಅಂಗಡಿಗಳೇ ಕೊಡುತ್ತಿವೆ. ಪರಿಶೀಲಿಸಬೇಕಾದ ಸಂಗತಿ ಇದು.

ಕಲಬುರಗಿಗೆ ಬಂದ ಚಿತ್ರಪೆಟ್ಟಿಗೆ

ಕಲಬುರಗಿ ಸೀಮೆಗೂ ದೂರದರ್ಶನಕ್ಕೂ ಇರುವ ಸಂಬಂಧ ಬೆಂಗಳೂರಿಗಿಂತ ಹಳೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಡೆದ ‘ಸೈಟ್’ ಎಂಬ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಪ್ರದೇಶ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳದು. ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರಲ್ಲಿ. ಈ ಸೀಮೆಯ ಒಕ್ಕಲು ಮಕ್ಕಳು ಊರ ಮುಂದಿನ ಒಂದೇ ಪೆಟ್ಟಿಗೆಯ ಎದುರು ಕುಳಿತು ಬೇಸಾಯ, ಆರೋಗ್ಯ, ಶಾಲಾಪಾಠಗಳ ಚಿತ್ರಗಳನ್ನು ನೋಡಿದರು. ಆಗ ಚಿತ್ರಪೆಟ್ಟಿಗೆ ಗುರುವಿನ ವೇಷದಲ್ಲಿ ಬಂದಿತ್ತು.

ಆ ವೇಷ ಬಹುಕಾಲ ಉಳಿಯಲಿಲ್ಲ. 1981ರಲ್ಲಿ ಅಮೆರಿಕದಲ್ಲಿ ಹಾಡಿನ ದೃಶ್ಯಗಳಿಗೆಂದೇ ಎಂಟಿವಿ ಎಂಬ ವಾಹಿನಿ ಹುಟ್ಟಿತು. 1990ರ ದಶಕದಲ್ಲಿ ಅದು ಭಾರತಕ್ಕೂ ಬಂದಿತು. 1994ರಲ್ಲಿ ಕನ್ನಡಕ್ಕೆ ಉದಯ ಟಿವಿ ಬಂದು, ಸಿನಿಮಾ ಹಾಡು ವಾರಕ್ಕೊಮ್ಮೆ ಬರುವ ಅತಿಥಿಯ ಸ್ಥಾನ ಬಿಟ್ಟು ಮನೆಯ ಸದಸ್ಯನಾಯಿತು. 2016ರ ಅನಂತರ ಅಗ್ಗದ ದತ್ತಾಂಶದೊಡನೆ ಹಾಡು ಕೈಯೊಳಗಿನ ಫೋನಿಗೆ ಇಳಿಯಿತು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮಹಾಗಾಂವ ಕ್ರಾಸಿನಲ್ಲಿ ಬಸ್ಸಿಗಾಗಿ ನಿಂತವರ ಕೈಗಳನ್ನು ನೋಡಿದರೆ ಸಾಕು. ಊರ ಮುಂದಿನ ಪೆಟ್ಟಿಗೆಯನ್ನು ನಾಲ್ಕು ಜನ ಹಿರಿಯರೊಡನೆ ಕುಳಿತು ನೋಡುತ್ತಿದ್ದರು. ಅಂಗೈಯ ಪೆಟ್ಟಿಗೆಯನ್ನು ಹದಿನಾಲ್ಕರ ಹುಡುಗ ಒಬ್ಬನೇ ನೋಡುತ್ತಾನೆ. ನೋಟ ಏಕಾಂತಕ್ಕೆ ಹೋದಾಗ ಅದರ ಮೇಲೆ ಉಳಿಯುವ ಕಾವಲು ಒಂದೇ: ನೋಡುವವನ ಸಂಯಮ.

ಪಡಿಯಚ್ಚು ಮತ್ತು ದುರ್ನಯ

ಪಾಶ್ಚಾತ್ಯ ದೇಶಗಳ ಮಾಧ್ಯಮ ವಿಮರ್ಶಕರು ಈ ವಿಷಯವನ್ನು ನೂರು ವರ್ಷಗಳಿಂದ ವಿಚಾರಿಸುತ್ತಿದ್ದಾರೆ. ವಾಲ್ಟರ್ ಲಿಪ್‌ಮನ್ 1922ರಲ್ಲಿ ಪ್ರಕಟಿಸಿದ ‘ಪಬ್ಲಿಕ್ ಒಪಿನಿಯನ್’ ಗ್ರಂಥದಲ್ಲಿ ‘ಸ್ಟೀರಿಯೋಟೈಪ್’ ಎಂಬ ಶಬ್ದವನ್ನು ಮುದ್ರಣಾಲಯದಿಂದ ಎರವಲು ಪಡೆದು ಮನಸ್ಸಿನ ವ್ಯಾಪಾರಕ್ಕೆ ಅನ್ವಯಿಸಿದನು. ಮುದ್ರಣದಲ್ಲಿ ಅದು ಜೋಡಿಸಿದ ಅಕ್ಷರಗಳ ಇಡೀ ಪುಟವನ್ನು ಲೋಹದಲ್ಲಿ ಎರಕ ಹೊಯ್ದ ಫಲಕ. ಒಮ್ಮೆ ಎರಕ ಹೊಯ್ದ ಮೇಲೆ ಪುನಃ ಜೋಡಿಸುವ ಶ್ರಮವಿಲ್ಲ. ಬೇಕಾದಷ್ಟು ಪ್ರತಿ ತೆಗೆಯಬಹುದು. ಮನುಷ್ಯನ ಮನಸ್ಸೂ ಹಾಗೆಯೇ ಶ್ರಮ ಉಳಿಸಲು ಜನರನ್ನು ಎರಕದ ಫಲಕಗಳಾಗಿ ಮಾಡಿಟ್ಟುಕೊಳ್ಳುತ್ತದೆ. ಕಲಬುರಗಿಯ ಅಡತಿ ಅಂಗಡಿಯಲ್ಲಿ ಚೀಲಕ್ಕೆ ಚುಚ್ಚಿ ತೆಗೆದ ಒಂದು ಹಿಡಿ ತೊಗರಿಯಿಂದ ಇಡೀ ಚೀಲದ ಬೆಲೆ ಕಟ್ಟುವುದುಂಟು. ತೊಗರಿಗೆ ಅದು ನಡೆಯುತ್ತದೆ. ಅಲ್ಲಿಯೂ ಅನುಭವಿ ವ್ಯಾಪಾರಿ ಮೇಲೊಂದು, ನಡುವೊಂದು, ತಳದೊಂದು ಹಿಡಿ ನೋಡಿಯೇ ದರ ಹೇಳುತ್ತಾನೆ. ಮನುಷ್ಯರ ವಿಷಯದಲ್ಲಿ ಮಾತ್ರ ಮೇಲಿನ ಒಂದು ಹಿಡಿಯೇ ಸಾಕೆನ್ನುವುದು ಎಂಥ ನ್ಯಾಯ?

ಜೈನ ತರ್ಕಕ್ಕೆ ಈ ದೋಷ ಹೊಸದಲ್ಲ. ವಸ್ತುವನ್ನು ಒಂದು ದೃಷ್ಟಿಯಿಂದ ಹೇಳುವುದು ನಯ. ಅದು ತನ್ನ ಮಿತಿಯಲ್ಲಿ ಸತ್ಯ. ಉಳಿದ ದೃಷ್ಟಿಗಳನ್ನು ಅಲ್ಲಗಳೆದು ‘ಇಷ್ಟೇ’ ಎಂದು ಹಟ ಹಿಡಿದಾಗ ಅದು ದುರ್ನಯ. ಹಳ್ಳಿಯ ಹುಡುಗಿ ನಗಬಹುದು, ಕುಣಿಯಬಹುದು, ಪ್ರೀತಿಸಬಹುದು. ಹಾಗೆ ತೋರಿಸುವುದು ಸುಳ್ಳಲ್ಲ. ಹಳ್ಳಿಯ ಹುಡುಗಿಯೆಂದರೆ ಅಷ್ಟೇ ಎಂದು ನೂರು ಹಾಡುಗಳಲ್ಲಿ ತೋರಿಸುವುದು ದುರ್ನಯ. ಪಡಿಯಚ್ಚು ಹಸಿಸುಳ್ಳಾಗಿದ್ದರೆ ಅದನ್ನು ಸುಲಭವಾಗಿ ತಿರಸ್ಕರಿಸಬಹುದಿತ್ತು. ಅದು ಒಂದಂಶ ಸತ್ಯವಾಗಿರುವುದರಿಂದಲೇ ಅಷ್ಟು ಅಪಾಯಕಾರಿ.

ಇದಕ್ಕಿಂತ ಸೂಕ್ಷ್ಮವಾದ ಸಾಧನ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಪ್ರಥಮಾಧ್ಯಾಯದಲ್ಲಿದೆ: ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳು. ಗುಣವಿಲ್ಲದಿದ್ದರೂ ಹೆಸರಿಡುವುದು ನಾಮ. ಒಂದರಲ್ಲಿ ಇನ್ನೊಂದನ್ನು ಆರೋಪಿಸುವುದು ಸ್ಥಾಪನಾ. ಹಿಂದೆ ಇದ್ದ ಅಥವಾ ಮುಂದೆ ಆಗಬಹುದಾದ ಅವಸ್ಥೆಯಿಂದ ಹೇಳುವುದು ದ್ರವ್ಯ. ಈಗಿನ ನಿಜಸ್ಥಿತಿ ಭಾವ. ಬಸದಿಯ ಶಿಲಾಬಿಂಬಕ್ಕೆ ನಿತ್ಯ ಅಭಿಷೇಕ ಮಾಡುವ ಶ್ರಾವಕನಿಗೆ ಅದು ಸ್ಥಾಪನಾಜಿನನೆಂದು ತಿಳಿದಿದೆ. ಅದೇ ಶ್ರಾವಕನು ಪರದೆಯ ಮೇಲಿನ ಸ್ಥಾಪನೆಯನ್ನು ಭಾವವೆಂದು ನಂಬಿಬಿಡುತ್ತಾನೆ. ಯಾರೋ ಬರೆದ ಮಾತಿಗೆ, ಯಾರೋ ಹೇಳಿಕೊಟ್ಟ ಹೆಜ್ಜೆಗೆ, ಯಾರೋ ಹೊಲಿದ ಬಟ್ಟೆ ತೊಟ್ಟು ತುಟಿ ಆಡಿಸುವ ನಟಿಯನ್ನು ನೋಡಿ ‘ಈಗಿನ ಹುಡುಗಿಯರೇ ಹೀಗೆ’ ಎಂದು ತೀರ್ಪು ಕೊಡುತ್ತಾನೆ. ಬಸದಿಯಲ್ಲಿ ಇರುವ ವಿವೇಕ ಮನೆಯ ಜಗಲಿಯಲ್ಲಿ ಏಕಿಲ್ಲ?

ಯಾರ ಕಣ್ಣು?

1975ರಲ್ಲಿ ಲಾರಾ ಮಲ್ವಿ ಎಂಬ ಆಂಗ್ಲ ವಿದುಷಿ ಬರೆದ ಒಂದು ಪ್ರಬಂಧ ಸಿನಿಮಾ ವಿಮರ್ಶೆಯ ದಿಕ್ಕನ್ನೇ ಬದಲಿಸಿತು. ಸಿನಿಮಾದಲ್ಲಿ ಮೂರು ನೋಟಗಳಿವೆ: ಕ್ಯಾಮರಾದ ನೋಟ, ಪ್ರೇಕ್ಷಕನ ನೋಟ, ಪಾತ್ರಗಳು ಪರಸ್ಪರ ನೋಡುವ ನೋಟ. ಈ ಮೂರೂ ಒಂದಾಗಿ ಪುರುಷನ ಕಣ್ಣಾಗುತ್ತವೆ. ಅವನು ನೋಡುವವನು, ಅವಳು ನೋಡಿಸಿಕೊಳ್ಳುವವಳು. ಇದು ಆಕೆಯ ವಾದದ ಸಾರ. ಹಾಡಿನ ದೃಶ್ಯಗಳಲ್ಲಿ ಇದು ಇನ್ನೂ ನಿಚ್ಚಳ. ಕಥೆಯಲ್ಲಾದರೂ ನಾಯಕಿಗೆ ತಂದೆ, ತಾಯಿ, ಊರು, ಕಷ್ಟ ಎಂಬುವು ಇರುತ್ತವೆ. ಹಾಡಿನಲ್ಲಿ ಅವಳಿಗೆ ಇರುವುದು ಅಂಗಾಂಗ ಮಾತ್ರ. ಕ್ಯಾಮರಾ ಅವಳನ್ನು ತುಂಡು ತುಂಡಾಗಿ ತೋರಿಸುತ್ತದೆ: ಒಮ್ಮೆ ಕಾಲು, ಒಮ್ಮೆ ಸೊಂಟ, ಒಮ್ಮೆ ತುಟಿ. ಅವಳ ಹಿಂದೆ ಕುಣಿಯುವ ಇಪ್ಪತ್ತು ಹುಡುಗಿಯರಿಗೆ ಮುಖವೂ ಇಲ್ಲ. ಅವರಲ್ಲಿ ಒಬ್ಬಳು ಇಂದು ಬಾರದಿದ್ದರೆ ಇನ್ನೊಬ್ಬಳು ನಿಲ್ಲುತ್ತಾಳೆ, ಯಾರಿಗೂ ತಿಳಿಯುವುದಿಲ್ಲ. ಇಂದ್ರಸಭೆ ಇದೇ ಅಲ್ಲವೇ?

1990ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಟ್ ಜಾಲಿ ಎಂಬ ಪ್ರಾಧ್ಯಾಪಕರು ಎಂಟಿವಿಯ ನೂರಾರು ಹಾಡಿನ ದೃಶ್ಯಗಳನ್ನು ಸೇರಿಸಿ, ಹಾಡಿನ ಧ್ವನಿಯನ್ನು ತೆಗೆದು, ತಮ್ಮ ವಿವರಣೆಯನ್ನು ಹಾಕಿ ‘ಡ್ರೀಮ್‌ವರ್ಲ್ಡ್ಸ್’ ಎಂಬ ಚಿತ್ರ ಮಾಡಿದರು. ತಾಳ ನಿಂತಾಗ ದೃಶ್ಯದ ನಿಜರೂಪ ಕಾಣುತ್ತದೆಂಬುದು ಅವರ ಕಂಡುಕೊಂಡ ಉಪಾಯ. ಯಾವ ಮನೆಯಲ್ಲಿಯೂ ಈ ಪರೀಕ್ಷೆ ಮಾಡಬಹುದು. ಮಕ್ಕಳು ಮೆಚ್ಚಿದ ಹಾಡೊಂದನ್ನು ಧ್ವನಿ ಮುಚ್ಚಿ ಮೂರು ನಿಮಿಷ ಎಲ್ಲರೂ ಒಟ್ಟಿಗೆ ಕುಳಿತು ನೋಡಲಿ. ಹಿಂದೆ ಹಿಂದೆ ಬರುವ ಹುಡುಗ, ದಾರಿಗೆ ಅಡ್ಡ ನಿಲ್ಲುವ ಅವನ ಸ್ನೇಹಿತರು, ಬೇಡವೆಂದು ಮುಖ ತಿರುಗಿಸುವ ಹುಡುಗಿ, ಕೊನೆಗೆ ಅವಳ ನಗು. ತಾಳದೊಡನೆ ಇದು ಪ್ರೇಮ. ತಾಳವಿಲ್ಲದೆ ಇದು ಪೊಲೀಸರಿಗೆ ದೂರು ಕೊಡಬೇಕಾದ ಸಂಗತಿ. ‘ಬೇಡ’ ಎಂಬ ಮಾತಿಗೆ ‘ಬೇಕು’ ಎಂಬ ಅರ್ಥವಿದೆಯೆಂದು ನೂರು ಬಾರಿ ನೋಡಿದ ಹುಡುಗನು ಕಾಲೇಜಿನ ದಾರಿಯಲ್ಲಿ ಆ ಮಾತನ್ನು ಹೇಗೆ ಕೇಳಿಸಿಕೊಂಡಾನು?

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಸಮಾಜದ ಸಭೆಗಳಲ್ಲಿ ಈ ವಿಷಯ ಬಂದಾಗಲೆಲ್ಲ ಚರ್ಚೆ ಹೆಣ್ಣುಮಕ್ಕಳ ಉಡುಪಿನ ಕಡೆಗೆ ಹರಿಯುತ್ತದೆ. ಶಾಸ್ತ್ರ ಹರಿಯುವುದು ಬೇರೆ ಕಡೆಗೆ. ಬ್ರಹ್ಮಚರ್ಯ ವ್ರತವನ್ನು ಸ್ಥಿರಗೊಳಿಸುವ ಭಾವನೆಗಳಲ್ಲಿ ಮೊದಲೆರಡು, ರಾಗ ಹುಟ್ಟಿಸುವ ಕಥೆಗಳನ್ನು ಕೇಳುವುದನ್ನು ಬಿಡುವುದು ಮತ್ತು ಮನೋಹರ ಅಂಗಗಳನ್ನು ನಿಟ್ಟಿಸುವುದನ್ನು ಬಿಡುವುದು. ಬಿಡಬೇಕಾದವನು ಕೇಳುವವನು, ನಿಟ್ಟಿಸುವವನು. ಹೊಣೆಯನ್ನು ಆಚಾರ್ಯರು ಕಣ್ಣಿನ ಮೇಲೆ, ಕಿವಿಯ ಮೇಲೆ ಇಟ್ಟಿದ್ದಾರೆ. ಇಂದಿನ ಹಿರಿಯರು ಅದನ್ನು ಮಗಳ ದುಪಟ್ಟದ ಮೇಲೆ ಹೊರಿಸುತ್ತಾರೆ. ಮಗನ ಫೋನನ್ನು ಯಾರೂ ಕೇಳುವುದಿಲ್ಲ.

ನಾಗೇಶಿಯ ಉತ್ತರ ಎಲ್ಲಿ?

ಕಳೆದ ಕೆಲವು ವರ್ಷಗಳಲ್ಲಿ ಉತ್ತರ ಕರ್ನಾಟಕದಲ್ಲಿ ‘ಜಾನಪದ ಹಾಡು’ ಎಂಬ ಹೆಸರಿನ ವಿಡಿಯೋ ಗೀತೆಗಳ ಪ್ರವಾಹವೇ ಹರಿದಿದೆ. ಜಾತ್ರೆಯ ಡಿ.ಜೆ.ಯಲ್ಲಿ, ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ ಅವೇ. ಇವುಗಳನ್ನು ಕಟ್ಟುವವರು ಬಹುಪಾಲು ಸಾಧಾರಣ ಮನೆಗಳ ತರುಣರು; ಹೊಲ, ವಾಹನ, ಕೂಲಿಯ ಬದುಕಿನಿಂದ ಬಂದವರು. ಬೆಂಗಳೂರಿನ ಚಿತ್ರರಂಗವು ಈ ಸೀಮೆಯ ಮಾತನ್ನು ಹಾಸ್ಯನಟನ ಬಾಯಿಗಷ್ಟೇ ಕೊಟ್ಟಿದ್ದಾಗ, ತಮ್ಮ ಮಾತಿನಲ್ಲಿ ತಾವೇ ಹಾಡಿಕೊಂಡ ಈ ತರುಣರ ಸ್ವಾಭಿಮಾನವನ್ನು ಮೆಚ್ಚಲೇಬೇಕು. ಅವರನ್ನು ‘ಕೀಳು ಅಭಿರುಚಿಯವರು’ ಎಂದು ಸಿರಿವಂತರು ಮೂಗು ಮುರಿಯುವುದು ಮದವೇ ಹೊರತು ಧರ್ಮವಲ್ಲ. ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾ ಹಾಡು ಇದಕ್ಕಿಂತ ಶುದ್ಧವೆಂದೂ ಇಲ್ಲ. 2025ರ ಮಾರ್ಚಿನಲ್ಲಿ ನೆರೆಯ ತೆಲಂಗಾಣದ ರಾಜ್ಯ ಮಹಿಳಾ ಆಯೋಗವು ಹಾಡುಗಳ ಅಸಭ್ಯ ನೃತ್ಯಭಂಗಿಗಳ ಬಗ್ಗೆ ಎಚ್ಚರಿಕೆ ಕೊಟ್ಟದ್ದು ತೆಲುಗಿನ ದೊಡ್ಡ ಚಿತ್ರರಂಗಕ್ಕೆ. ಕಲಬುರಗಿಯ ಚಿತ್ರಮಂದಿರಗಳಲ್ಲಿ ತೆಲುಗು, ಹಿಂದಿ ಚಿತ್ರಗಳಿಗೆ ಪ್ರೇಕ್ಷಕರು ಎಂದೂ ಕಡಿಮೆಯಾದದ್ದಿಲ್ಲ.

ಆದರೂ ಈ ವಿಡಿಯೋ ಗೀತೆಗಳ ಬಗ್ಗೆ ಒಂದು ಪ್ರಶ್ನೆ ಉಳಿಯುತ್ತದೆ. ಇವುಗಳಲ್ಲಿ ಹೆಚ್ಚಿನವು ಎರಡೇ ಎರಕದ ಫಲಕಗಳಿಂದ ಅಚ್ಚಾದಂತಿವೆ: ಮನಸ್ಸು ಕೆಡಿಸುವ ಹುಡುಗಿ, ಕೈಕೊಟ್ಟ ಹುಡುಗಿ. ಹುಡುಗನು ನೊಂದು ಕುಡಿಯುತ್ತಾನೆ. ಹುಡುಗಿ ಏಕೆ ಹೋದಳೆಂಬುದನ್ನು ಅವಳ ಬಾಯಿಂದ ಕೇಳುವ ಅವಕಾಶವೇ ಇಲ್ಲ. ಅವಳಿಗೆ ಬೇರೆ ಕಡೆ ಮದುವೆ ಗೊತ್ತುಮಾಡಿದವರು ಯಾರು, ಅವಳ ಓದು ಬಿಡಿಸಿದವರು ಯಾರು ಎಂಬ ಪ್ರಶ್ನೆ ಹಾಡಿನೊಳಗೆ ಬರುವುದೇ ಇಲ್ಲ.

ನಿಜವಾದ ಜನಪದವು ಹೀಗಿರಲಿಲ್ಲ. ಇದೇ ಸೀಮೆಯ ಹರದೇಶಿ–ನಾಗೇಶಿ ಪದಗಳಲ್ಲಿ ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಮೇಳ ಹೆಣ್ಣು ಹೆಚ್ಚೆಂದು ಹಾಡುತ್ತದೆ. ರಾತ್ರಿಯೆಲ್ಲ ಸವಾಲು–ಜವಾಬು ನಡೆಯುತ್ತದೆ. ಹರದೇಶಿಯ ಮಾತು ಎಷ್ಟೇ ಖಾರವಾಗಿರಲಿ, ನಾಗೇಶಿಯ ಉತ್ತರ ಬಾರದೆ ಹಾಡಿಕೆ ಮುಗಿಯುವುದಿಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು ತಮ್ಮ ತವರನ್ನೂ ಅತ್ತೆಮನೆಯನ್ನೂ ತಮ್ಮದೇ ಮಾತಿನಲ್ಲಿ ಹಾಡಿಕೊಂಡರು. ಶಾಸ್ತ್ರ ಓದದ ಜನ ಕಟ್ಟಿದ ಈ ವ್ಯವಸ್ಥೆ ಅನೇಕಾಂತಕ್ಕೆ ಎಷ್ಟು ಹತ್ತಿರ! ಇಂದಿನ ವಿಡಿಯೋ ಗೀತೆ ಹರದೇಶಿಯನ್ನು ಇಟ್ಟುಕೊಂಡು ನಾಗೇಶಿಯನ್ನು ಹೊರಗೆ ಹಾಕಿದೆ. ‘ಹಳೆಯ ಜನಪದದಲ್ಲಿಯೂ ಶೃಂಗಾರವಿತ್ತು’ ಎಂದು ಸಮರ್ಥಿಸುವವರು ಈ ವ್ಯತ್ಯಾಸಕ್ಕೆ ಉತ್ತರ ಹೇಳಲಿ. ದೂರು ಶೃಂಗಾರದ ಮೇಲಲ್ಲ, ಒಬ್ಬರ ಬಾಯಿ ಕಟ್ಟಿರುವುದರ ಮೇಲೆ.

ಸೇಠಜಿಯ ವೇಷ

ಪಡಿಯಚ್ಚಿನ ಪೆಟ್ಟು ಜೈನರಿಗೂ ಬಿದ್ದಿದೆ. ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಸಿನಿಮಾದ ‘ಸೇಠು’ ಹೊಟ್ಟೆ ಬೆಳೆದವನು, ಬಡ್ಡಿ ತಿನ್ನುವವನು, ಮುರುಕು ಕನ್ನಡದವನು, ಜಿಪುಣ, ಹೇಡಿ. ಕಲಬುರಗಿಯ ಶಾಲೆಯಲ್ಲಿ ಓದುವ ಜೈನ ಬಾಲಕನಿಗೆ ‘ನೀವು ಹೊರಗಿನವರು’ ಎಂದು ಸಹಪಾಠಿ ಹೇಳಿದರೆ ಅದರ ಬೀಜ ಬಹುಮಟ್ಟಿಗೆ ಇಂಥ ದೃಶ್ಯಗಳಲ್ಲಿದೆ. ಅದೇ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಜಿನಸೇನರನ್ನು ಗುರುವೆಂದು ಗೌರವಿಸಿದ ಅಮೋಘವರ್ಷ ನೃಪತುಂಗನು ಆಳಿದ್ದು, ‘ಕವಿರಾಜಮಾರ್ಗ’ ರಚಿತವಾದದ್ದು, ಪೊನ್ನನು ಮುಮ್ಮಡಿ ಕೃಷ್ಣನ ಆಶ್ರಯದಲ್ಲಿ ಬರೆದದ್ದು, ಪುಷ್ಪದಂತನು 965ರಲ್ಲಿ ಅಪಭ್ರಂಶ ‘ಮಹಾಪುರಾಣ’ ಮುಗಿಸಿದ್ದು ಅಲ್ಲಿಯೇ. ಕಾಗಿಣಾ ತೀರದ ಆ ಊರಿನಲ್ಲಿ ನೇಮಿನಾಥ ಬಸದಿ ಇಂದಿಗೂ ಇದೆ. ಹಾಗಿದ್ದೂ ಬಾಲಕನಿಗೆ ತಟ್ಟನೆ ನೆನಪಾಗುವುದು ಸಿನಿಮಾದ ಸೇಠು.

ಇದರಿಂದ ನೋವಾಗುವುದು ಸಹಜ. ಆದರೆ ಆ ನೋವು ಸಾಚಾ ಆಗಬೇಕಾದರೆ ಅದು ಬೇರೆಯವರಿಗೂ ಸಲ್ಲಬೇಕು. ಸೇಠಜಿಯ ವೇಷ ಕಂಡು ಕೆರಳುವ ಅಂಗಡಿಕಾರನೇ ಹಾಡಿನಲ್ಲಿ ಮನೆಗೆಲಸದವಳ ವೇಷ ಕಂಡು ನಗುತ್ತಾನೆ. ದಖನಿ ಮಾತನಾಡುವ ಮುಸಲ್ಮಾನನ ವೇಷ, ಹಮಾಲನ ವೇಷ, ಕಪ್ಪು ಬಣ್ಣದ ಹುಡುಗಿಯ ವೇಷ ಕಂಡು ನಗುತ್ತಾನೆ. ತನ್ನ ಬಗೆಗಿನ ಪಡಿಯಚ್ಚು ಮಾತ್ರ ಅನ್ಯಾಯ, ಉಳಿದವರದು ವಿನೋದ ಎನ್ನುವವನು ಅನೇಕಾಂತವನ್ನು ತನಗೆ ಬೇಕಾದಾಗ ಮಾತ್ರ ತೂಗುವ ತಕ್ಕಡಿಯಾಗಿ ಮಾಡಿಕೊಂಡಿದ್ದಾನೆ.

ಪರಂಪರೆಯೂ ಈ ದೋಷದಿಂದ ಪೂರ್ತಿ ಮುಕ್ತವಲ್ಲವೆಂಬುದನ್ನು ಒಪ್ಪಬೇಕು. ಹೆಣ್ಣನ್ನು ಮಾಯೆಯೆಂದು, ಚಂಚಲೆಯೆಂದು ಬಣ್ಣಿಸುವ ಮಾತುಗಳು ಪುರಾಣಗಳಲ್ಲಿ ಉಂಟು. ಆದರೆ ಅದೇ ಪರಂಪರೆಯೊಳಗೆ ಅದಕ್ಕೆ ಎದುರುವಾದವೂ ಹುಟ್ಟಿತು. ಯಾಪನೀಯ ಸಂಘದ ಶಾಕಟಾಯನನು ಸ್ತ್ರೀಗೂ ಮುಕ್ತಿಯುಂಟೆಂದು ಪ್ರಕರಣವನ್ನೇ ಬರೆದನು. ಅವನ ವ್ಯಾಕರಣದ ವೃತ್ತಿಗೆ ಅಮೋಘವರ್ಷನ ಹೆಸರಿದೆ. ದಿಗಂಬರ ಆಚಾರ್ಯರು ಅದನ್ನು ಒಪ್ಪಲಿಲ್ಲ, ತರ್ಕದಿಂದ ಖಂಡಿಸಿದರು. ಆ ಸಿದ್ಧಾಂತಭೇದ ಇಂದಿಗೂ ಇದೆ. ಒಪ್ಪಿದರೂ ಬಿಟ್ಟರೂ, ಪ್ರಶ್ನೆಗೆ ಉತ್ತರ ಕೊಡಬೇಕೆಂದು ಎರಡೂ ಪಕ್ಷದವರು ಭಾವಿಸಿದರು. ವೃಷಭದೇವನು ಬ್ರಾಹ್ಮಿಗೆ ಲಿಪಿಯನ್ನೂ ಸೌಂದರಿಗೆ ಅಂಕಗಳನ್ನೂ ಕಲಿಸಿದ ಕಥೆ ಇರುವುದು ನೀಲಾಂಜನೆಯ ಕಥೆ ಇರುವ ಅದೇ ಆದಿಪುರಾಣದಲ್ಲಿ.

ಬಸದಿಯ ಅಂಗಳದಲ್ಲಿ

ಇನ್ನು ಮನೆಯ ಹೊರಗಿನವರನ್ನು ಬಿಟ್ಟು ಒಳಗಿನದನ್ನು ನೋಡಬೇಕು. ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದಲ್ಲಿ ದೀಕ್ಷಾಕಲ್ಯಾಣದ ದಿನ ನೀಲಾಂಜನೆಯ ನೃತ್ಯವನ್ನು ಅಭಿನಯಿಸುವ ಪದ್ಧತಿಯಿದೆ. ಇದು ಬಹು ಪ್ರಾಚೀನವಾದ ವಸ್ತು; ಮಥುರೆಯ ಕಂಕಾಲಿ ದಿಬ್ಬದಲ್ಲಿ ದೊರೆತು ಲಖನೌ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಫಲಕವೊಂದನ್ನು ವಿದ್ವಾಂಸರು ಈ ನೃತ್ಯವೆಂದೇ ಗುರುತಿಸಿದ್ದಾರೆ. ಇಂಥ ನೃತ್ಯಕ್ಕೆ ಇಂದು ಅನೇಕ ಕಡೆ ಸಿನಿಮಾದ ಧಾಟಿ, ಸಿನಿಮಾದ ಬೆಳಕು, ಸಿನಿಮಾದ ಹೆಜ್ಜೆ. ಹದಿನೈದು ವರ್ಷದ ಬಾಲಿಕೆ ಕುಣಿಯುತ್ತಿರುವಾಗ ಐವತ್ತು ಫೋನುಗಳು ಮೇಲೇಳುತ್ತವೆ. ಅವಳು ಕುಸಿದುಬೀಳುವ ಕ್ಷಣ, ಅಂದರೆ ಈ ಪ್ರಸಂಗದ ಪ್ರಾಣವಾದ ಕ್ಷಣ, ರೀಲ್ಸಿನಲ್ಲಿ ಬರುವುದಿಲ್ಲ. ಅದಕ್ಕೆ ಮೊದಲೇ ತುಣುಕು ಮುಗಿಯುತ್ತದೆ. ವೈರಾಗ್ಯಕ್ಕೆ ಕಾರಣವಾದ ಮರಣವನ್ನು ಕತ್ತರಿಸಿ ಶೃಂಗಾರವನ್ನಷ್ಟೇ ಉಳಿಸಿಕೊಂಡ ಈ ನೀಲಾಂಜನೆಗೂ ಸಿನಿಮಾದ ನರ್ತಕಿಗೂ ವ್ಯತ್ಯಾಸವೇನು?

ಭಜನೆಯ ಗತಿಯೂ ಇದೇ. ಜನಪ್ರಿಯ ಸಿನಿಮಾ ಹಾಡಿನ ಧಾಟಿಗೆ ತೀರ್ಥಂಕರರ ಹೆಸರು ಹೊಂದಿಸಿ ಹಾಡುವುದು ಎಲ್ಲೆಡೆ ಹಬ್ಬಿದೆ. ಧಾಟಿ ಒಂದು ಖಾಲಿ ಪಾತ್ರೆ, ಅದರಲ್ಲಿ ಏನು ಹಾಕಿದರೂ ಆದೀತು ಎಂಬ ವಾದವುಂಟು. ಎಣ್ಣೆ ತುಂಬಿದ್ದ ಡಬ್ಬಿಯಲ್ಲಿ ಸಕ್ಕರೆ ತುಂಬಿದರೆ ಏನಾಗುತ್ತದೆಂದು ಕಿರಾಣಿ ವ್ಯಾಪಾರಿಗೆ ಹೇಳಬೇಕಾಗಿಲ್ಲ. ಧಾಟಿ ಕಿವಿಗೆ ಬಿದ್ದೊಡನೆ ಅದರ ದೃಶ್ಯ ಕಣ್ಣಿಗೆ ಬರುತ್ತದೆ. ಜಿನಬಿಂಬದ ಮುಂದೆ ಕುಳಿತ ತರುಣನ ಮನಸ್ಸಿನಲ್ಲಿ ಅಂಥ ದೃಶ್ಯ ಎಬ್ಬಿಸಿದ ಪಾಪ ಯಾರ ಲೆಕ್ಕಕ್ಕೆ? ಕನ್ನಡ ಜೈನರಿಗೆ ಹಾಡಿನ ಬಡತನವೂ ಇಲ್ಲ. ಹದಿನಾರನೆಯ ಶತಮಾನದ ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಹಾಡಲು ಬರುವ ಸಾಂಗತ್ಯದಲ್ಲಿಯೇ ಬರೆದನು, ಅವನ ಅಣ್ಣನ ಪದಗಳೂ ಹಾಡುವುದಕ್ಕೆಂದೇ ಇವೆ. ಅವು ಪುಸ್ತಕದ ಕಪಾಟಿನಲ್ಲಿವೆ. ಸಿನಿಮಾ ಧಾಟಿ ಧ್ವನಿವರ್ಧಕದಲ್ಲಿದೆ.

ಆಕ್ಷೇಪಗಳು

‘ಇದು ಬರೀ ಚಿತ್ರ, ನಿಜವಲ್ಲ, ಇಷ್ಟು ಗಂಭೀರವಾಗಿ ಏಕೆ ತೆಗೆದುಕೊಳ್ಳಬೇಕು?’ ಎಂಬುದು ಮೊದಲ ಆಕ್ಷೇಪ. ಇದಕ್ಕೆ ಜನ್ನನು 1209ರಲ್ಲಿಯೇ ಉತ್ತರ ಕೊಟ್ಟಿದ್ದಾನೆ. ‘ಯಶೋಧರ ಚರಿತೆ’ಯಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಬಲಿ ಕೊಟ್ಟದ್ದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಅದೂ ಬರೀ ಪ್ರತಿಮೆ. ಆದರೂ ಕತ್ತಿ ಎತ್ತಿದ ಸಂಕಲ್ಪ ನಿಜವಾಗಿತ್ತು. ಅದರ ಫಲವಾಗಿ ಮಗನು ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ, ಜನ್ಮದಿಂದ ಜನ್ಮಕ್ಕೆ ತೊಳಲಿದರು. ಪ್ರತಿಮೆಯ ಮೇಲೆ ನಡೆಸಿದ ಹಿಂಸೆ ಹಿಂಸೆಯೇ ಎಂದು ಸಾರುವ ಕಥೆಯನ್ನು ತಲೆಮಾರುಗಳಿಂದ ಕೇಳಿಕೊಂಡು ಬಂದ ಸಮಾಜಕ್ಕೆ ‘ಬರೀ ಚಿತ್ರ’ ಎಂಬ ಸಮಾಧಾನ ಒಪ್ಪುವುದಿಲ್ಲ.

‘ಕಾನೂನು ಇದೆಯಲ್ಲ’ ಎಂಬುದು ಎರಡನೆಯದು. ಇದೆ. ಸ್ತ್ರೀಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ ಅಧಿನಿಯಮ 1986ರದು. ಕೇಬಲ್ ದೂರದರ್ಶನದ ಅಧಿನಿಯಮ 1995ರದು. ಆ ಕೇಬಲ್ ನಿಯಮಗಳ ಕಾರ್ಯಕ್ರಮ ಸಂಹಿತೆಯಲ್ಲಿ ಹೆಣ್ಣನ್ನು ಹೀನಗೊಳಿಸುವ ಚಿತ್ರಣ ಕೂಡದೆಂದೂ ಸ್ಪಷ್ಟವಾಗಿದೆ. ಆದರೆ ಕಾನೂನು ನಗ್ನತೆಯನ್ನು ಅಳೆಯಬಲ್ಲದು, ಪಡಿಯಚ್ಚನ್ನು ಅಳೆಯಲಾರದು. ಮೈತುಂಬ ಬಟ್ಟೆ ತೊಟ್ಟ ಹುಡುಗಿಯನ್ನೂ ಬುದ್ಧಿಯಿಲ್ಲದ ಗೊಂಬೆಯಾಗಿ ತೋರಿಸಬಹುದು. ಅದಕ್ಕೆ ಯಾವ ದಂಡವೂ ಇಲ್ಲ. ಮೇಲಾಗಿ ಸರ್ಕಾರದ ಕೈಗೆ ಕತ್ತರಿ ಕೊಟ್ಟರೆ ಅದು ಮೊದಲು ಕತ್ತರಿಸುವುದು ಅಬಲರ ಹಾಡನ್ನೇ. ಅನೇಕಾಂತವನ್ನು ನಂಬುವವರಿಗೆ ಬಾಯಿ ಮುಚ್ಚಿಸುವುದು ಶೋಭೆಯಲ್ಲ.

‘ನೋಡಿದ ಮಾತ್ರಕ್ಕೆ ಯಾರೂ ಕೆಡುವುದಿಲ್ಲ’ ಎಂಬುದು ಮೂರನೆಯದು. ಇದರಲ್ಲಿ ಅರ್ಧ ಸತ್ಯವಿದೆ. ಸ್ಟುವರ್ಟ್ ಹಾಲ್ ಎಂಬ ವಿದ್ವಾಂಸರು 1973ರಲ್ಲಿಯೇ ಹೇಳಿದಂತೆ ಪ್ರೇಕ್ಷಕನು ಬರಿದಾದ ಪಾತ್ರೆಯಲ್ಲ. ತೋರಿಸಿದ್ದನ್ನು ಅವನು ಹಾಗೆಯೇ ಒಪ್ಪಬಹುದು, ಸ್ವಲ್ಪ ಒಪ್ಪಿ ಸ್ವಲ್ಪ ಬಿಡಬಹುದು, ಇಲ್ಲವೇ ಪೂರ್ತಿ ಎದುರಿಸಿ ಓದಬಹುದು. ಆದರೆ ಎದುರಿಸಿ ಓದಲು ಕಲಿಸುವವರು ಬೇಕು. ಜಾರ್ಜ್ ಗರ್ಬ್ನರ್ ಅವರು ವರ್ಷಾನುಗಟ್ಟಲೆ ನಡೆಸಿದ ಅಧ್ಯಯನಗಳ ಅಭಿಪ್ರಾಯವೆಂದರೆ, ಹೆಚ್ಚು ಹೊತ್ತು ದೂರದರ್ಶನ ನೋಡುವವರು ಲೋಕವನ್ನು ದೂರದರ್ಶನದ ಲೋಕದಂತೆಯೇ ಎಣಿಸತೊಡಗುತ್ತಾರೆ. ಒಂದು ಹಾಡು ಯಾರನ್ನೂ ಕೆ‌ಡಿಸದು. ದಿನಕ್ಕೆ ಎರಡು ತಾಸಿನಂತೆ ಹತ್ತು ವರ್ಷ ಬಿದ್ದ ನೀರು ಕಲ್ಲನ್ನೂ ಸವೆಸುತ್ತದೆ.

ಅನರ್ಥದಂಡ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿ ಎಂಬುದೊಂದು. ಪ್ರಯೋಜನವಿಲ್ಲದೆ ಮಾಡುವ ಪಾಪವನ್ನು ಬಿಡುವುದು. ಸಮಂತಭದ್ರಸ್ವಾಮಿಗಳ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅದರ ಐದು ಬಗೆಗಳಲ್ಲಿ ದುಃಶ್ರುತಿಯೂ ಒಂದು: ರಾಗ, ದ್ವೇಷ, ಮದ, ಕಾಮಗಳಿಂದ ಚಿತ್ತವನ್ನು ಕಲಕುವ ಕಥೆಗಳನ್ನು ಕೇಳುವುದು. ಇದೇ ವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಕಂದರ್ಪ, ಕೌತ್ಕುಚ್ಯ ಎಂಬ ಎರಡನ್ನು ಮೊದಲಿಡುತ್ತದೆ. ಕಾಮೋದ್ದೀಪಕ ಅಸಭ್ಯ ಮಾತು ಕಂದರ್ಪ. ಅದಕ್ಕೆ ಮೈಯ ದುಶ್ಚೇಷ್ಟೆ ಸೇರಿದರೆ ಕೌತ್ಕುಚ್ಯ. ಇಂದಿನ ಅನೇಕ ವಿಡಿಯೋ ಗೀತೆಗಳಿಗೆ ಇದಕ್ಕಿಂತ ಸರಿಯಾದ ಲಕ್ಷಣವಾಕ್ಯ ಯಾವ ಮಾಧ್ಯಮಶಾಸ್ತ್ರದಲ್ಲಿಯೂ ಸಿಗದು: ಸಾಹಿತ್ಯ ಕಂದರ್ಪ, ನೃತ್ಯ ಕೌತ್ಕುಚ್ಯ, ನೋಡುವುದು ದುಃಶ್ರುತಿ.

ಪಾಪಕ್ಕೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳು. ಹಾಡು ತೆಗೆದವನು ಕೃತಕ್ಕೆ ಹೊಣೆ. ಅನುಮೋದನೆ ಯಾವುದು? ಯೂಟ್ಯೂಬಿನಲ್ಲಿ ಪ್ರತಿ ವೀಕ್ಷಣೆಯೂ ಎಣಿಕೆಗೆ ಸೇರುತ್ತದೆ, ಆ ಎಣಿಕೆಯ ಮೇಲೆ ಜಾಹೀರಾತಿನ ಹಣ ಬರುತ್ತದೆ, ಆ ಹಣದಿಂದ ಮುಂದಿನ ಹಾಡು ಹುಟ್ಟುತ್ತದೆ. ಬೈಯುತ್ತ ನೋಡಿದರೂ ಎಣಿಕೆ ಎಣಿಕೆಯೇ. ಇನ್ನು ಕಾರಿತ. ಚಿನ್ನದಂಗಡಿ, ಸೀರೆಯಂಗಡಿ, ಪಾತ್ರೆಯಂಗಡಿಗಳ ಜಾಹೀರಾತು ಇಂಥ ದೃಶ್ಯಗಳ ನಡುವೆಯೇ ಬರುತ್ತದೆ. ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ, ಡಿ.ಜೆ.ಗೆ ವ್ಯಾಪಾರಿಗಳ ದೇಣಿಗೆ ಹೋಗುತ್ತದೆ. ಮದುವೆಯ ಹಿಂದಿನ ದಿನದ ‘ಸಂಗೀತ’ಕ್ಕೆ ಲಕ್ಷಾಂತರ ಖರ್ಚಾಗುತ್ತದೆ. ರಾತ್ರಿಭೋಜನವನ್ನು ಬಿಟ್ಟು, ಕಂದಮೂಲವನ್ನು ಬಿಟ್ಟು, ನೀರನ್ನು ಸೋಸಿ ಕುಡಿಯುವ ಮನೆ ತನ್ನ ಹಣ ಎಲ್ಲಿ ಹರಿಯುತ್ತದೆಂಬುದನ್ನು ಸೋಸುವುದಿಲ್ಲ. ಬಾಯಿಗೆ ಇರುವ ವ್ರತ ಕಣ್ಣಿಗೂ ತಿಜೋರಿಗೂ ಬೇಡವೇ?

ಮಾಡಬಹುದಾದದ್ದು

ಮಂದಿರ ಟ್ರಸ್ಟುಗಳ ಕೈಯಲ್ಲಿ ಇರುವ ಕೆಲಸಗಳು ಕಷ್ಟದವಲ್ಲ. ಬಸದಿಯ ಆವರಣದಲ್ಲಿ ಸಿನಿಮಾ ಧಾಟಿಯ ಭಜನೆ ಬೇಡವೆಂದು ನಿರ್ಣಯ ಮಾಡಿ, ಸಾಂಗತ್ಯ ಹಾಡಬಲ್ಲವರನ್ನು ಕರೆಸಿ ಮಕ್ಕಳಿಗೆ ಕಲಿಸುವುದು. ಪಂಚಕಲ್ಯಾಣದಲ್ಲಿ ನೀಲಾಂಜನೆಯ ನೃತ್ಯವನ್ನು ಅದರ ಮರಣದವರೆಗೂ, ವೃಷಭದೇವನ ಅರಿವಿನವರೆಗೂ ಪೂರ್ತಿ ಅಭಿನಯಿಸುವುದು. ಆ ಹೊತ್ತು ಫೋನುಗಳನ್ನು ಕೆಳಗಿಡುವುದು. ದಶಲಕ್ಷಣ ಪರ್ವದ ಕೊನೆಯ ದಿನ, ಉತ್ತಮ ಬ್ರಹ್ಮಚರ್ಯದ ಪ್ರವಚನಕ್ಕೆ ಮೊದಲು, ತರುಣ ತರುಣಿಯರನ್ನು ಒಟ್ಟಿಗೆ ಕೂರಿಸಿ, ಒಂದು ಹಾಡನ್ನು ಧ್ವನಿ ಮುಚ್ಚಿ ತೋರಿಸಿ ನಾಲ್ಕು ಪ್ರಶ್ನೆ ಕೇಳುವುದು: ನೋಡುತ್ತಿರುವವರು ಯಾರು, ಮಾತನಾಡುತ್ತಿರುವವರು ಯಾರು, ಯಾರ ಮಾತು ಬಿಟ್ಟುಹೋಗಿದೆ, ಇದರಿಂದ ಹಣ ಯಾರಿಗೆ? ಹಿರಿಯರು ಅಲ್ಲಿ ಉಪದೇಶ ಮಾಡದೆ ಮಕ್ಕಳ ಉತ್ತರವನ್ನು ಕೇಳಿಸಿಕೊಂಡರೆ ಹೆಚ್ಚು ಪ್ರಯೋಜನ. ಹುಡುಗಿಯರ ಉತ್ತರ ಕೆಲವು ಹಿರಿಯರಿಗೆ ಕಹಿಯೆನಿಸೀತು, ಕೇಳಿಸಿಕೊಳ್ಳಲಿ.

ಹಣವಂತರಿಗೆ ಅತ್ತಿಮಬ್ಬೆಯ ಮಾದರಿಯಿದೆ. ಹತ್ತನೆಯ ಶತಮಾನದಲ್ಲಿ, ಮುದ್ರಣವೇ ಇಲ್ಲದ ಕಾಲದಲ್ಲಿ, ಆಕೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟು ‘ಅಜಿತಪುರಾಣ’ ಬರೆಯಿಸಿದಳು. ಕೆಟ್ಟದ್ದನ್ನು ಬೈಯುವುದಕ್ಕಿಂತ ಒಳ್ಳೆಯದರ ಪ್ರತಿಗಳನ್ನು ಹೆಚ್ಚಿಸುವುದು ಮೇಲೆಂದು ಆ ದಾನಚಿಂತಾಮಣಿಗೆ ತಿಳಿದಿತ್ತು. ಇಂದು ಒಂದು ಮದುವೆಯ ‘ಸಂಗೀತ’ದ ಖರ್ಚಿನಲ್ಲಿ ಈ ಸೀಮೆಯ ಒಬ್ಬ ಹಾಡುಗಾರ್ತಿಯಿಂದ, ಈ ಸೀಮೆಯ ಕನ್ನಡದಲ್ಲಿ, ಅತ್ತಿಮಬ್ಬೆಯ ಕಥೆಯನ್ನೋ ಬ್ರಾಹ್ಮಿ–ಸೌಂದರಿಯರ ಕಥೆಯನ್ನೋ ಹಾಡಿಸಿ ಚಿತ್ರೀಕರಿಸಬಹುದು. ಅದನ್ನು ಸಾವಿರ ಜನರೇ ನೋಡಿದರೂ ಅದು ಸಾವಿರ ಪ್ರತಿಯೇ.

ದೀಪಾವಳಿಗೆ ಹೊಸ ಖಾತೆಯ ಪುಸ್ತಕ ತೆರೆಯುವ ಪ್ರತಿಯೊಬ್ಬ ವ್ಯಾಪಾರಿಯೂ ಈ ವರ್ಷ ಅದರಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಲಿ: ಜಾಹೀರಾತು, ಮನರಂಜನೆ, ಉತ್ಸವಗಳಿಗೆ ಕೊಟ್ಟ ಹಣದಿಂದ ತಯಾರಾದದ್ದೇನು? ವರ್ಷದ ಕೊನೆಗೆ ಆ ಸಾಲನ್ನು ಹೆಂಡತಿ ಮಕ್ಕಳ ಮುಂದೆ ಓದಲು ಸಂಕೋಚವಾಗದಿದ್ದರೆ ಲೆಕ್ಕ ಶುದ್ಧ. ಸಂಕೋಚವಾದರೆ, ಪ್ರತಿಕ್ರಮಣಕ್ಕೆ ಆ ಸಾಲಿನಿಂದಲೇ ಆರಂಭ.